ಏಡಿಯಣ್ಣನಿಗೆ ಎರಡು ಮದುವೆಯೂಟ

ಆಕೆಯನ್ನು ದ್ವೀಪದಮ್ಮ ಎಂದು ಮೊದಲು ಕರೆದವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ವಿಶ್ವವಿದ್ಯಾಲಯದ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಕೆರಿಬಿಯನ್ ದ್ವೀಪಗಳ ಕತೆ ಕಾದಂಬರಿಗಳನ್ನೂ, ಅಲ್ಲಿಂದ ಹೊಟ್ಟೆಪಾಡಿಗೆಂದು ಊರೂರಿಗೆ ಚದುರಿಹೋದವರ ಗಾದೆ, ಒಗಟು, ಹಾಡುಗಳನ್ನೂ ಪಾಠ ಹೇಳಿದವರಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ತಮಾಷೆಯೆಂದರೆ ಆಕೆಗೆ ಸಮುದ್ರ ಆಗಿಬರುವುದಿಲ್ಲ. ಸಂಶೋಧನೆಗೆಂದು ಎರಡು ಸಲ ದ್ವೀಪಗಳಿಗೆ ಹೋಗಿಬಂದದ್ದುಂಟು. ಎರಡು ಸಲವೂ ದೋಣಿಯಲ್ಲಿ ಕೂತದ್ದಕ್ಕಿಂತ ದೋಣಿಯ ಅಂಚಿಗೆ ಜೋತುಬಿದ್ದು ವಾಂತಿ ಮಾಡಿಕೊಂಡದ್ದೇ ಹೆಚ್ಚು. ಕೋಣೆಯ ಗೋಡೆಯ ಮೇಲೆ ದ್ವೀಪಗಳ ದೊಡ್ಡ ನಕ್ಷೆಯಿತ್ತು. ಅದರ ಮೇಲೆ ಒಂದು ಹಳೆಯ ಕಾಫಿ ಕಲೆಯಿತ್ತು. ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ಅದನ್ನೂ ಒಂದು ದ್ವೀಪವೆಂದು ಲೆಕ್ಕ ಹಿಡಿದು, ಅಲ್ಲಿ ಜನವಸತಿ ಕಡಿಮೆ ಎಂದು ಬರೆದಿದ್ದ. ದ್ವೀಪದಮ್ಮ ಅವನಿಗೆ ಅರ್ಧ ಅಂಕ ಕೊಟ್ಟಿದ್ದರು.

ಈ ದಾರಿಗೆ ಅವರು ಬಂದದ್ದೂ ಒಂದು ಎಡವಟ್ಟಿನಿಂದಲೇ. ಮಗಳು ಔಷಧಿ ಅಂಗಡಿ ಇಡಬೇಕು ಎಂಬುದು ತಾಯಿಯ ಆಸೆ. ಮಗಳು ಅದಕ್ಕೇ ಓದುತ್ತಿದ್ದಳು ಕೂಡ. ಒಂದು ದಿನ ಗ್ರಂಥಾಲಯದಲ್ಲಿ ಔಷಧಶಾಸ್ತ್ರದ ಕಪಾಟಿಗೆ ಕೈಹಾಕಿದರೆ, ಯಾರೋ ತಪ್ಪಿ ಅಲ್ಲಿಟ್ಟಿದ್ದ ದ್ವೀಪದ ಜನಪದ ಕತೆಗಳ ಪುಸ್ತಕ ಕೈಗೆ ಬಂತು. ನಿಂತಲ್ಲೇ ಓದುತ್ತಾ ನಿಂತವಳನ್ನು ಬಾಗಿಲು ಹಾಕುವ ಹೊತ್ತಿಗೆ ಕಾವಲುಗಾರ ಬಂದು ಎಚ್ಚರಿಸಬೇಕಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ತಾಯಿ ಅಂಗಡಿಗೆ ಎಳೆದರು, ಮಗಳು ಸಮುದ್ರಕ್ಕೆ ಎಳೆದಳು. "ಇಲ್ಲೇ ಮೂಲೆ ಮೇಲೆ ಅಂಗಡಿ ಖಾಲಿ ಇದೆ, ಅದನ್ನ ಬಿಟ್ಟು ಕಾಣದ ಸಮುದ್ರಕ್ಕೆ ಯಾಕೆ ಹಾರ್ತೀಯೇ?" ಎಂದು ತಾಯಿ ಒಂದು ವರ್ಷ ಕೇಳಿದರು. ಎರಡನೇ ವರ್ಷ ಅವರೇ ಮಗಳ ಬಾಯಿಂದ ಕತೆ ಹೇಳಿಸಿಕೊಂಡು ಮಲಗತೊಡಗಿದರು.

ಆಕೆಗೆ ಸಿಕ್ಕ ಗುರುಗಳು ಶಿಸ್ತಿನ ಮನುಷ್ಯ. ಕತೆ ಸಂಗ್ರಹಿಸುವವರಿಗೆ ಅವರು ಹಾಕಿಕೊಟ್ಟಿದ್ದ ಸೂತ್ರ ಒಂದೇ. "ಕತೆ ಹೇಳೋರ ಮುಂದೆ ನೀನು ಗೋಡೆ. ಗೋಡೆ ನಗಲ್ಲ, ಕೆಮ್ಮಲ್ಲ, ತಲೆ ಆಡಿಸಲ್ಲ. ಟೇಪಿನಲ್ಲಿ ನಿನ್ನ ಉಸಿರು ಕೇಳಿಸಿದ್ರೂ ಆ ಟೇಪು ಕಸದ ಬುಟ್ಟಿಗೆ." ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡವರು ಇನ್ನೊಬ್ಬರಿಲ್ಲ. ಶಿಷ್ಯೆ ಗುರುವನ್ನು ಮೀರಿಸಿದಳು. ನೊಣ ಮೂಗಿನ ಮೇಲೆ ಕೂತರೂ ಪಿಟಕ್ಕೆನ್ನದೆ ಕೂರುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಆಕೆಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹಾಸಿಗೆಯ ಬಟ್ಟೆ ಬದಲಿಸಲು ಬಂದ ಹೆಂಗಸೊಬ್ಬಳು ತನ್ನ ಪಾಡಿಗೆ ತಾನು ಏನೋ ಗುನುಗುತ್ತಿದ್ದಳು. ದ್ವೀಪದಮ್ಮನ ಕಿವಿ ನೆಟ್ಟಗಾಯಿತು. ಅದು ದ್ವೀಪದ ಹಾಡು. ಆ ಹೆಂಗಸು ಆಸ್ಪತ್ರೆಯ ಲಾಂಡ್ರಿಯವಳು, ಐವತ್ತೈದರ ಆಸುಪಾಸು, ಇಪ್ಪತ್ತನೇ ವಯಸ್ಸಿನಲ್ಲಿ ದ್ವೀಪದ ಒಂದು ಪುಟ್ಟ ಊರಿಂದ ಇಲ್ಲಿಗೆ ಬಂದವಳು. ಹೊಲಿಗೆ ಬಿಚ್ಚುವ ಮೊದಲೇ ದ್ವೀಪದಮ್ಮ ಆಕೆಯ ಮನೆಯ ವಿಳಾಸ ಬರೆದುಕೊಂಡಿದ್ದರು.

ಏಳು ಭಾನುವಾರ ಹೋದರು. ಪ್ರತಿ ಭಾನುವಾರವೂ ಒಂದು ಚೀಲ ಕಿತ್ತಳೆ, ಒಂದು ಟೇಪ್ ರೆಕಾರ್ಡರು, ಒಂದು ಗೋಡೆಯಂಥ ಮುಖ. ಲಾಂಡ್ರಿಯಮ್ಮ ಏಳು ಕತೆ ಹೇಳಿದಳು. ವಿಚಿತ್ರವೆಂದರೆ ಏಳೂ ಅರ್ಧಕ್ಕೇ ನಿಂತವು. ಕತೆ ಚೆನ್ನಾಗಿ ಓಡುತ್ತಿರುತ್ತದೆ, ಇನ್ನೇನು ತಿರುವು ಬಂತು ಅನ್ನುವಾಗ ಆಕೆ ತಣ್ಣಗೆ "ಇದ್ದೀರಾ?" ಎಂದು ಕೇಳುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಮತ್ತೊಮ್ಮೆ, ಇನ್ನೂ ಮೆಲ್ಲಗೆ, "ಇದ್ದೀರಾ?" ಆಮೇಲೆ ಕುರ್ಚಿ ಸರಿಸಿದ ಸದ್ದು. "ಸಾಕಮ್ಮ ಇವತ್ತಿಗೆ."

ಬೇರೆ ಯಾರಾದರೂ ಆಗಿದ್ದರೆ ಮುಂದೇನಾಯಿತು ಎಂದು ಕೇಳುತ್ತಿದ್ದರು. ಗೋಡೆ ಕೇಳೀತೇ? ದ್ವೀಪದಮ್ಮ ಮನೆಗೆ ಬಂದು ಆ "ಇದ್ದೀರಾ?"ವನ್ನು ನೂರು ಸಲ ಕೇಳಿಸಿಕೊಂಡರು. ಆಕೆ ಯಾರನ್ನು ಕರೆಯುತ್ತಿದ್ದಾಳೆ? ಸತ್ತ ಹಿರಿಯರನ್ನೇ? ಬಿಟ್ಟುಬಂದ ದ್ವೀಪವನ್ನೇ? ಉತ್ತರವಿಲ್ಲದ ಕರೆ, ಮುಗಿಯದ ಕತೆ. ನೆಲ ಕಳೆದುಕೊಂಡವರ ಕತೆಗೆ ಕೊನೆ ಇರಲಾರದು ಎಂದು ಒಂದು ಪ್ರಬಂಧ ಬರೆದರು. ಅದು 'ಅರ್ಧಕತೆಯ ಸಿದ್ಧಾಂತ' ಎಂದು ಹೆಸರಾಯಿತು. ಅದರಿಂದ ಕೆಲಸ ಕಾಯಂ ಆಯಿತು, ಪ್ರೊಫೆಸರ್ ಪಟ್ಟ ಬಂತು, ಹನ್ನೊಂದು ಜನ ಅದರ ಮೇಲೆ ಪಿಎಚ್‌ಡಿ ಮಾಡಿದರು. ಅವರಲ್ಲೊಬ್ಬ ಈಗ ಇವರ ವಿಭಾಗಕ್ಕೇ ಮುಖ್ಯಸ್ಥ. ನಡುವೆ ಒಮ್ಮೆ ಲಾಂಡ್ರಿಯಮ್ಮನನ್ನು ಹುಡುಕಿಕೊಂಡು ಹೋದಾಗ ಆ ಮನೆಗಳ ಸಾಲನ್ನೇ ಕೆಡವಿದ್ದರು. ಆಸ್ಪತ್ರೆಯಲ್ಲಿ ಯಾರೋ "ಆಕೆ ಹೋಗ್ಬಿಟ್ರು" ಅಂದರು. ಊರು ಬಿಟ್ಟು ಹೋದರೋ, ಲೋಕ ಬಿಟ್ಟು ಹೋದರೋ ಎಂದು ದ್ವೀಪದಮ್ಮ ಬಿಡಿಸಿ ಕೇಳಲಿಲ್ಲ. ಮನೆಗೆ ಬಂದು ಒಂದು ದಿನ ಅತ್ತರು, ಅಷ್ಟೆ.

ಇಷ್ಟಾಗಿ ಈಗ ನಿವೃತ್ತಿಯ ಸಮಯ. ಜೀವಮಾನದ ದುಡಿಮೆಯೆಲ್ಲ ಒಂದು ಪುಸ್ತಕವಾಗಿತ್ತು. ಹೆಸರು 'ಇದ್ದೀರಾ?'. ಮೊದಲ ಪುಟದಲ್ಲಿ 'ದಿವಂಗತ ಲಾಂಡ್ರಿಯಮ್ಮನವರಿಗೆ' ಎಂಬ ಅರ್ಪಣೆ. ಇನ್ನು ಹನ್ನೊಂದು ದಿನಕ್ಕೆ ಬೀಳ್ಕೊಡುಗೆ ಉಪನ್ಯಾಸ, ಅಂದೇ ಪುಸ್ತಕದ ಬಿಡುಗಡೆ. ಪತ್ರಿಕೆಯಲ್ಲಿ ಫೋಟೋ ಸಮೇತ ಸುದ್ದಿಯೂ ಬಂತು. ಅದೇ ವಾರ ಒಂದು ಮಧ್ಯಾಹ್ನ, ಅಚ್ಚಿಗೆ ಹೋಗಲಿದ್ದ ಕರಡು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಾ ಅವರು ಹದಿನೇಳನೇ ನಂಬರ್ ಬಸ್ಸಿನಲ್ಲಿ ಕೂತಿದ್ದರು. ತಿದ್ದುವ ಭರದಲ್ಲಿ ತಮ್ಮ ಸ್ಟಾಪು ದಾಟಿ ಕೊನೆಯ ಸ್ಟಾಪೇ ಬಂತು. ಡ್ರೈವರು ಎಂಜಿನ್ ಆರಿಸಿ ಸೀಟಿನಿಂದೆದ್ದು ಬಂದಳು. ನಲವತ್ತರ ಹೆಂಗಸು, ಗಟ್ಟಿಮುಟ್ಟಾದ ಆಳು.

"ಮೇಡಂ, ನೀವು ಟೇಪಿನವರಲ್ವಾ?" ಎಂದು ಕೇಳಿದಳು. "ಪೇಪರಲ್ಲಿ ಫೋಟೋ ನೋಡ್ದೆ. ನಮ್ಮಮ್ಮಂಗೂ ಓದಿ ಹೇಳ್ದೆ. ಅವ್ರು ಸತ್ತೋಗಿದಾರೆ ಅಂತ ಇತ್ತಲ್ಲ, ಅದನ್ನ ಎರಡು ಸಲ ಓದಿಸ್ಕೊಂಡ್ರು."

ದ್ವೀಪದಮ್ಮನ ಕೈಯಿಂದ ಕೆಂಪು ಪೆನ್ನು ಜಾರಿ ಬಿತ್ತು. "ಬದುಕಿದಾರಾ?" ಎಂದು ಕೇಳಿದರು.

"ಎಂಬತ್ತೇಳು. ಬೆಳಗ್ಗೆ ತಾನೇ ನನ್ನ ಜೊತೆ ಜಗಳ ಆಡಿದ್ರು. ನಾಳೆ ನಂಗೆ ರಜಾ, ಬನ್ನಿ" ಎಂದಳು ಡ್ರೈವರು. ಆಮೇಲೆ ನಗುತ್ತಾ ಸೇರಿಸಿದಳು. "ನನ್ನ ನೆನಪಿಲ್ವಾ? ಒಂಬತ್ತು ವರ್ಷದ ಹುಡುಗಿ. ನೀವು ನನ್ನ ಅಡುಗೆಮನೆಗೆ ಅಟ್ಟಿದ್ರಿ."

ಮರುದಿನ ದ್ವೀಪದಮ್ಮ ನಾಲ್ಕನೇ ಮಹಡಿಯ ಆ ಮನೆಯ ಬಾಗಿಲು ತಟ್ಟಿದಾಗ ಕೈಯಲ್ಲಿ ಕಿತ್ತಳೆಯ ಚೀಲವಿತ್ತು. ಒಳಗೆ ಕಿಟಕಿಯ ಪಕ್ಕ ಒಂದು ಮರದ ಮೇಜು, ಅದರ ಹಿಂದೆ ಲಾಂಡ್ರಿಯಮ್ಮ. ಕೂದಲು ಪೂರಾ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಅದೇ ಹಳೆಯ ಕಣ್ಣು. ಒಗೆದು ಒಣಗಿದ ಟವೆಲ್‌ಗಳನ್ನು ಅಳತೆ ಹಿಡಿದ ಹಾಗೆ ಮಡಿಸುತ್ತಿದ್ದಳು.

"ಬಾಮ್ಮ ಟೇಪಮ್ಮ. ನಾನು ಸತ್ತು ಎಷ್ಟು ವರ್ಷ ಆಯ್ತು?"

"ತಪ್ಪಾಯ್ತು ದೊಡ್ಡಮ್ಮ" ಎಂದರು ದ್ವೀಪದಮ್ಮ, ಕೂರಲೂ ಮರೆತು.

"ಹೋಗ್ಲಿ ಬಿಡು. ಸತ್ತೋಳಿಗೂ ಕಿತ್ತಳೆ ತಂದಿದೀಯಲ್ಲ, ಸಂತೋಷ. ಕೂತ್ಕೋ. ನನ್ನ ಕತೆ ಮೇಲೆ ದೊಡ್ಡ ಪುಸ್ತಕ ಬರೆದಿದೀಯಂತೆ. ಏನಂತ ಬರೆದೆ, ಹೇಳು."

ದ್ವೀಪದಮ್ಮ ಹೇಳಿದರು. ಮೂವತ್ತು ವರ್ಷ ಪಾಠ ಮಾಡಿದ ವಿಷಯ, ನಿರರ್ಗಳವಾಗಿ ಬಂತು. ನೆಲ ಕಳಕೊಂಡ ನೋವು, ಮುಗಿಯದ ಕತೆ, ಉತ್ತರ ಬಾರದ ಕರೆ. ಡ್ರೈವರು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು. ತಾಯಿ ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟಳು.

"ನನ್ನ ಕತೆ ಮುಗಿಯಲ್ಲ ಅಂತ ಯಾರಮ್ಮ ಹೇಳಿದ್ದು?"

"ನೀವೇ ಅಲ್ವಾ ದೊಡ್ಡಮ್ಮ ಅರ್ಧಕ್ಕೆ ನಿಲ್ಲಿಸ್ತಿದ್ದಿದ್ದು?"

"ನಾನೆಲ್ಲಿ ನಿಲ್ಲಿಸ್ದೆ? ನೀನು ನಿಲ್ಲಿಸ್ದೆ."

ಆಮೇಲೆ ಆಕೆ ಬಿಡಿಸಿ ಹೇಳಿದಳು. ದ್ವೀಪದಲ್ಲಿ ಅವರ ಊರಿನ ಪದ್ಧತಿಯೆಂದರೆ, ಕತೆ ಗಂಟಿನ ಹತ್ತಿರ ಬಂದಾಗ ಹೇಳುವವರು "ಇದ್ದೀರಾ?" ಎಂದು ಕೇಳಬೇಕು, ಕೇಳುವವರು "ಇದ್ದೀವಿ" ಅನ್ನಬೇಕು. ಉತ್ತರ ಬರದಿದ್ದರೆ ಕೇಳುವವರಿಗೆ ಬೇಜಾರಾಗಿದೆ ಎಂದರ್ಥ. ಮರ್ಯಾದಸ್ಥರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇಲ್ಲಿಗೆ ಬಂದ ಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಎಂಟು ಜನ ಹೆಂಗಸರು ಉದ್ದನೆಯ ಮೇಜಿನ ಸುತ್ತ ನಿಂತು ಬಟ್ಟೆ ಮಡಿಸುವಾಗ ಈಕೆ ಕತೆ ಹೇಳುತ್ತಿದ್ದಳು. ಒಗೆಯುವ ಯಂತ್ರಗಳ ಗದ್ದಲದಲ್ಲಿ "ಇದ್ದೀವಿ" ಅಂದರೆ ಯಾರಿಗೆ ಕೇಳಿಸಬೇಕು? ಹಾಗಾಗಿ ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಕುಟ್ಟುವುದು ಶುರುವಾಯಿತು. ಅದೇ ಮನೆಗೂ ಬಂತು.

"ಮೊದಲ್ನೇ ದಿನ ಇವಳು ಕುಟ್ಟಿದ್ಲು" ಎಂದು ಮಗಳ ಕಡೆ ಗಲ್ಲ ತೋರಿಸಿದಳು. "ನೀನು ನಗ್ತಾ ನಗ್ತಾ ಅವಳನ್ನ ಒಳಗೆ ಕಳಿಸ್ದೆ. ಮೇಜಿನ ಸದ್ದು ಹತ್ತಬಾರದು ಅಂತ ಆ ಟೇಪಿನ ಪೆಟ್ಟಿಗೆ ಕೆಳಗೆ ಟವೆಲ್ ಮಡಿಸಿ ಹಾಕ್ದೆ. ದೊಡ್ಡ ಓದಿನೋಳು, ಅವಳ ಪದ್ಧತಿ ಬೇರೆ ಇರಬಹುದು ಅಂದ್ಕೊಂಡೆ. ಆಮೇಲೆ ಏಳು ವಾರ ಕೇಳ್ದೆ. ಒಂದು ಸಲನಾದ್ರೂ ನಿನ್ನ ಮುಖ ಅಲ್ಲಾಡ್ಲಿಲ್ಲ. ಪಾಪ, ಒಳ್ಳೆ ಹುಡುಗಿ, ಬೇಡ ಅನ್ನಕ್ಕೆ ನಾಚಿಕೆ ಅಂತ ನಾನೇ ಮುಗಿಸ್ಬಿಡ್ತಿದ್ದೆ. ನಂಗೆ ಬೇಜಾರಾಗಿತ್ತು ಕಣಮ್ಮ. ನನ್ನ ಕತೇಲಿ ಸತ್ವ ಇಲ್ಲ ಅಂದ್ಕೊಂಡೆ. ಆಮೇಲೆ ಹೊರಗಿನವರಿಗೆ ಹೇಳೋದನ್ನೇ ಬಿಟ್ಟೆ."

ದ್ವೀಪದಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು, ಎರಡಕ್ಕೂ ನಾಚಿಕೆ ಅಡ್ಡ ನಿಂತಿತ್ತು. ಆ ಏಳು ಕತೆಗಳೆಂದರೆ ಅವರಿಗೆ ಪ್ರಾಣ. ಮುಖ ಅಲ್ಲಾಡದಿದ್ದರೂ ಒಳಗೆ ಎಷ್ಟು ಕುಣಿದಿದ್ದರು ಎಂಬುದು ಅವರಿಗೆ ಮಾತ್ರ ಗೊತ್ತು. "ಈಗ ಕೊನೆ ಹೇಳ್ತೀರಾ ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದರು.

"ನಿನ್ನ ಪುಸ್ತಕಕ್ಕೆ ಅರ್ಧ ಕತೇನೇ ಬೇಕಲ್ಲ, ಇಟ್ಕೋ. ಪೂರ್ತಿ ಬೇಕು ಅನ್ನೋ ದಿನ ಬಾ" ಎಂದು ಲಾಂಡ್ರಿಯಮ್ಮ ಮತ್ತೆ ಟವೆಲ್ ಕೈಗೆತ್ತಿಕೊಂಡಳು.

ಮನೆಗೆ ಬಂದವರೇ ಅಟ್ಟದಿಂದ ಹಳೆಯ ನೋಟ್‌ಬುಕ್ಕು ಇಳಿಸಿದರು. ಮೊದಲ ಭಾನುವಾರದ ಪುಟದಲ್ಲಿ ಅವರದೇ ಮುದ್ದಾದ ಅಕ್ಷರ: 'ಮಗು ಮೇಜು ಕುಟ್ಟಿ ತೊಂದರೆ ಕೊಟ್ಟಿತು. ಒಳಗೆ ಕಳಿಸಲಾಯಿತು. ಇನ್ನು ರೆಕಾರ್ಡಿಂಗ್ ಸ್ವಚ್ಛ.' ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಗಂಡನ ಮುಂದೆ ಆ ಪುಟ ಹಿಡಿದು ಎಲ್ಲ ಹೇಳಿದರು. ಗಂಡನದು ಬಸ್‌ ನಿಲ್ದಾಣದ ಎದುರು ಕನ್ನಡಕದ ಅಂಗಡಿ. ಆತ ಪೂರಾ ಕೇಳಿ, ಸೋಫಾದ ಮೇಲೆ ಉರುಳಿ, ಹೊಟ್ಟೆ ಹುಣ್ಣಾಗುವಷ್ಟು ನಕ್ಕ.

"ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ಕೇಳಿದ್ದೆ, ಮನೇಲೇ ಇದಾನೆ ಅಂತ ಗೊತ್ತಿರ್ಲಿಲ್ಲ" ಎಂದ ಕಣ್ಣೊರೆಸಿಕೊಂಡು.

"ರೀ, ನಗಬೇಡಿ. ಮೂವತ್ತು ವರ್ಷದ ಕೆಲಸ. ಹೊರಗೆ ಬಂದ್ರೆ ನನ್ನ ಮಾನ ಏನಾಗ್ಬೇಕು?"

"ಹೊರಗೆ ಬರದಿದ್ರೆ?"

"ಬರದಿದ್ರೆ ಯಾರಿಗೂ ಗೊತ್ತಾಗಲ್ಲ."

"ಆ ಅಜ್ಜಿಗೆ ಗೊತ್ತಲ್ವೇನೇ? ನನ್ನ ಅಂಗಡಿಗೆ ಬರೋರಿಗೆ ನಾನು ತಪ್ಪು ಗಾಜು ಹಾಕಿಕೊಟ್ರೆ, ಅವರಿಗೆ ಲೋಕ ಮಂಜಾಗಿ ಕಾಣ್ಸುತ್ತೆ. ಆಗ ನಾನು, ಲೋಕವೇ ಮಂಜಾಗಿದೆ ಸ್ವಾಮಿ, ಅದೊಂದು ಸಿದ್ಧಾಂತ ಅಂತೀನಾ? ಗಾಜು ಬದಲಾಯಿಸ್ತೀನಿ."

ಮರುದಿನ ದ್ವೀಪದಮ್ಮ ಪ್ರಕಾಶಕರಿಗೆ ಫೋನು ಮಾಡಿ ಪುಸ್ತಕ ನಿಲ್ಲಿಸಿ ಎಂದರು. ಸುದ್ದಿ ತಿಳಿದ ವಿಭಾಗದ ಮುಖ್ಯಸ್ಥ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಅವರ ಕೋಣೆಗೆ ಬಂದ. ಮೇಜು ಕುಟ್ಟಿದ್ದು, ಟವೆಲ್ ಹಾಕಿದ್ದು ಎಲ್ಲ ಕೇಳಿ ಕುರ್ಚಿಯಲ್ಲಿ ಕುಸಿದ.

"ಮೇಡಂ, ನನ್ನ ಪಿಎಚ್‌ಡಿ ನಿಂತಿರೋದೇ ಆ 'ಇದ್ದೀರಾ' ಮೇಲೆ. ಆ ಹನ್ನೆರಡು ಸೆಕೆಂಡಿನ ಮೌನದ ಬಗ್ಗೆನೇ ನಾನು ತೊಂಬತ್ತು ಪುಟ ಬರೆದಿದೀನಿ."

"ಆ ಮೌನ ನಂದಪ್ಪ. ನೀನು ತೊಂಬತ್ತು ಪುಟ ನನ್ನ ಬಗ್ಗೆ ಬರೆದಿದೀಯ."

"ಉಪನ್ಯಾಸ ಆಗಿಹೋಗ್ಲಿ ಮೇಡಂ. ಆಮೇಲೆ ಎಲ್ಲಾದ್ರೂ ಒಂದು ಅಡಿಟಿಪ್ಪಣಿ ಹಾಕೋಣ. ಸಣ್ಣಕ್ಷರದಲ್ಲಿ."

ದ್ವೀಪದಮ್ಮ ಒಂದು ಕ್ಷಣ ಆಸೆಪಟ್ಟರು ಎಂಬುದು ಸುಳ್ಳಲ್ಲ. ಅಡಿಟಿಪ್ಪಣಿಯಲ್ಲಿ ಎಷ್ಟೋ ಜನ ಎಷ್ಟೋ ತಪ್ಪು ಮುಚ್ಚಿಟ್ಟು ನೆಮ್ಮದಿಯಾಗಿ ಸತ್ತಿದ್ದಾರೆ. ಆದರೆ "ನನ್ನ ಕತೇಲಿ ಸತ್ವ ಇಲ್ಲ ಅಂದ್ಕೊಂಡೆ" ಎಂಬ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ತಮ್ಮ ಮಾನ ಹೋದರೆ ಒಂದು ದಿನದ ನಗು. ಆ ಮುದುಕಿ ಮಾತ್ರ ಮೂವತ್ತೆರಡು ವರ್ಷ ತಲೆ ತಗ್ಗಿಸಿದ್ದಳು, ಯಾವ ತಪ್ಪೂ ಮಾಡದೆ. "ಮೊದಲ ಸಾಲಲ್ಲಿ ಎರಡು ಕುರ್ಚಿ ಕಾಯ್ದಿರಿಸು" ಎಂದಷ್ಟೇ ಮುಖ್ಯಸ್ಥನಿಗೆ ಹೇಳಿದರು.

ಉಪನ್ಯಾಸದ ದಿನ ಸಭಾಂಗಣ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಬೇರೆ ಬೇರೆ ವಿಶ್ವವಿದ್ಯಾಲಯದ ಪಂಡಿತರು, ಆ ಹನ್ನೊಂದು ಪಿಎಚ್‌ಡಿಗಳಲ್ಲಿ ಒಂಬತ್ತು. ಮೊದಲ ಸಾಲಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಲಾಂಡ್ರಿಯಮ್ಮ, ಪಕ್ಕದಲ್ಲಿ ಸಂಜೆಯ ಪಾಳಿಗೆ ಸಿದ್ಧಳಾಗಿ ಯೂನಿಫಾರ್ಮಿನಲ್ಲೇ ಬಂದಿದ್ದ ಮಗಳು. ದ್ವೀಪದಮ್ಮ ತಮ್ಮ ಪ್ರಬಂಧದ ಮೊದಲ ಪುಟ ಓದಿದರು. ಆಮೇಲೆ ಕನ್ನಡಕ ತೆಗೆದು, "ಇದು ಪೂರಾ ತಪ್ಪು" ಎಂದರು. ನೋಟ್‌ಬುಕ್ಕು ಬಿಚ್ಚಿ ಮಗುವನ್ನು ಒಳಗೆ ಕಳಿಸಿದ ಸಾಲನ್ನು ಗಟ್ಟಿಯಾಗಿ ಓದಿದರು. ಟವೆಲಿನ ವಿಷಯಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಮುಖ್ಯಸ್ಥನ ತೊಂಬತ್ತು ಪುಟಕ್ಕೆ ಬಂದಾಗ ಇಡೀ ಸಭೆ ಗೊಳ್ಳೆಂದಿತು. ದ್ವೀಪದಮ್ಮನೂ ನಕ್ಕರು. ಮಾನ ಹೋಗುವಾಗ ಇಷ್ಟು ಹಗುರವಾಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿದ್ದರೆ ಇನ್ನೂ ಬೇಗ ಕಳೆದುಕೊಳ್ಳುತ್ತಿದ್ದರು.

"ಕತೆ ನಿಲ್ಸಿದ್ದು ನಾನು ದೊಡ್ಡಮ್ಮ" ಎಂದರು ಮೊದಲ ಸಾಲಿನ ಕಡೆ ತಿರುಗಿ. "ಆ ಕತೆಗಳಂದ್ರೆ ನಂಗೆ ಜೀವ. ಆವತ್ತೂ ಜೀವವೇ. ಹೇಳಕ್ಕೆ ಬರ್ಲಿಲ್ಲ. ಪೂರ್ತಿ ಬೇಕು ಅನ್ನೋ ದಿನ ಬಾ ಅಂದ್ರಲ್ಲ, ಇವತ್ತೇ ಆ ದಿನ."

ಲಾಂಡ್ರಿಯಮ್ಮ ಮಗಳ ಕೈಹಿಡಿದು ವೇದಿಕೆ ಹತ್ತಿದಳು. ಮಗಳು ಇಳಿದುಹೋಗಿ ಮತ್ತೆ ಮೊದಲ ಸಾಲಲ್ಲಿ ಕೂತಳು. ಮೈಕು ಬೇಡವೆಂದಳು. ಯಂತ್ರಗಳ ಗದ್ದಲದಲ್ಲಿ ಪಳಗಿದ ಗಂಟಲು ಅದು. ಕತೆ ಶುರುಮಾಡಿದಳು. ದಂಡೆಯ ಆ ತುದಿಯಲ್ಲೊಂದು ಮದುವೆ, ಈ ತುದಿಯಲ್ಲೊಂದು ಮದುವೆ, ಎರಡೂ ಒಂದೇ ಹೊತ್ತಿಗೆ. ಏಡಿಯಣ್ಣನಿಗೆ ಎರಡೂ ಕಡೆಯಿಂದ ಕರೆ. ಏಡಿಯಣ್ಣ ಹೊಟ್ಟೆಬಾಕ. ಅಡ್ಡಡ್ಡ ನಡೆಯುವವನು ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. ಕೊನೆಗೆ ನಡುದಾರಿಯಲ್ಲಿ ನಿಂತುಬಿಟ್ಟ. ಎರಡು ಕಡೆಯ ವಾದ್ಯವೂ ಕೇಳಿಸುತ್ತಿದೆ, ಎರಡು ಕಡೆಯ ಊಟವೂ ಇಲ್ಲ. ದ್ವೀಪದಮ್ಮ ಈ ನಡುದಾರಿಯ ಮೇಲೇ ಒಂದಿಡೀ ಅಧ್ಯಾಯ ಬರೆದಿದ್ದರು, ಎರಡು ನೆಲಗಳ ನಡುವೆ ಸಿಕ್ಕಿಕೊಂಡವರ ದುಃಖ ಎಂದು.

ಲಾಂಡ್ರಿಯಮ್ಮ ನಿಲ್ಲಿಸಿ ಸಭೆಯನ್ನು ನೋಡಿದಳು. "ಇದ್ದೀರಾ?"

ಮುನ್ನೂರು ಜನ ಪಂಡಿತರು ಉಸಿರು ಬಿಗಿಹಿಡಿದು, ಭಕ್ತಿಯಿಂದ, ಗೋಡೆಗಳ ಹಾಗೆ ಕೂತಿದ್ದರು. ಈಗಷ್ಟೇ ಎಲ್ಲ ಕೇಳಿ ನಕ್ಕವರೇ, ಆದರೆ ಅಭ್ಯಾಸಬಲ ಸಾಮಾನ್ಯದ್ದೇ? ಲಾಂಡ್ರಿಯಮ್ಮನ ಮುಖದಲ್ಲಿ ಆ ಹಳೆಯ ಸಂಕೋಚ ಮೆಲ್ಲಗೆ ಇಣುಕಿತು. "ಇದ್ದೀರಾ?" ಎಂದಳು ಮತ್ತೊಮ್ಮೆ, ಸಣ್ಣದಾಗಿ.

ದ್ವೀಪದಮ್ಮ ಕೈಮುಷ್ಟಿ ಬಿಗಿದು ತಮ್ಮ ಮುಂದಿದ್ದ ಮೈಕಿಗೇ ಎರಡು ಸಲ ಕುಟ್ಟಿದರು. ಸ್ಪೀಕರುಗಳಲ್ಲಿ ಗುಡುಗು ಹೊರಟಿತು. ಈ ಸಲ ಮೊದಲ ಉತ್ತರ ಟೇಪಿನವರದೇ ಆಗಲಿ ಎಂದು ಕಾದಿದ್ದ ಡ್ರೈವರಮ್ಮ ಮೊದಲ ಸಾಲಿನಿಂದ ಕುರ್ಚಿಯ ಕೈ ಕುಟ್ಟಿದಳು, ಮುಖ್ಯಸ್ಥ ಮೇಜು ಕುಟ್ಟಿದ, ಆಮೇಲೆ ಸಭಾಂಗಣದ ಮರವೆಲ್ಲ ಒಟ್ಟಿಗೆ ಕುಟ್ಟಿತು. ಲಾಂಡ್ರಿಯಮ್ಮ ಒಂದು ಕ್ಷಣ ಕಣ್ಣುಮುಚ್ಚಿ ನಿಂತಳು. ಆಮೇಲೆ ಅಂಗೈಯಿಂದಲೇ ಕಣ್ಣೊರೆಸಿಕೊಂಡು ಮುಂದುವರಿಸಿದಳು.

ಏಡಿಯಣ್ಣ ನಡುದಾರಿಯಲ್ಲೇ ಕೂತ. ಆ ಮದುವೆಗೆ ಹೇಳಿಕಳಿಸಿದ: ಆ ಕಡೆಯವರ ಅಡುಗೆ ನಿಮ್ಮದಕ್ಕಿಂತ ರುಚಿಯಂತೆ. ಈ ಮದುವೆಗೂ ಅದನ್ನೇ ಹೇಳಿಕಳಿಸಿದ. ಎರಡು ಕಡೆಯ ಬೀಗರೂ ಸಿಟ್ಟಿಗೆದ್ದು, ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು, ಯಾರದ್ದು ರುಚಿ ನೋಡೇಬಿಡೋಣ ಎಂದು ಹೊರಟರು. ಎದುರಾದದ್ದು ನಡುದಾರಿಯಲ್ಲಿ. ರುಚಿ ನೋಡಿ ತೀರ್ಪು ಹೇಳಲು ಒಬ್ಬ ಬೇಕಲ್ಲ, ಏಡಿಯಣ್ಣ ಅಲ್ಲೇ ಕೂತಿದ್ದ.

"ಅದಕ್ಕೇ ನಡುದಾರೀಲಿ ನಿಂತೋರನ್ನ ನೋಡಿ ಅಯ್ಯೋ ಪಾಪ ಅನ್ನಬೇಡಿ" ಎಂದು ಲಾಂಡ್ರಿಯಮ್ಮ ಮುಗಿಸಿದಳು. "ಅವರಿಗೆ ಎರಡು ಊಟ."

ಜನ ಎದ್ದು ನಿಂತು ಏನನ್ನು ಕುಟ್ಟಿದರು, ಏನನ್ನು ಬಡಿದರು ಎಂಬುದಕ್ಕೆ ಲೆಕ್ಕವಿಲ್ಲ. ಗದ್ದಲ ಇಳಿದ ಮೇಲೆ ರೆಕಾರ್ಡಿಂಗ್ ಮಾಡುತ್ತಿದ್ದ ತಂತ್ರಜ್ಞ ಮುಖ ಸಪ್ಪೆ ಮಾಡಿಕೊಂಡು ಬಂದ. "ಮೇಡಂ, ಬರೀ ಕುಟ್ಟೋದೇ ಕೇಳಿಸ್ತಿದೆ. ರೆಕಾರ್ಡಿಂಗ್ ಪೂರ್ತಿ ಹಾಳು. ಕ್ಲೀನ್ ಮಾಡ್ಲಾ?"

"ಮುಟ್ಟಬೇಡಿ" ಎಂದರು ದ್ವೀಪದಮ್ಮ.

ಡ್ರೈವರಮ್ಮ ಗಡಿಯಾರ ನೋಡಿ ತಾಯಿಯನ್ನು ಹೊರಡಿಸಿದಳು. ಲಾಂಡ್ರಿಯಮ್ಮ ಬಾಗಿಲ ಹತ್ತಿರ ನಿಂತು ತಿರುಗಿದಳು. "ಇನ್ನೂ ಆರು ಕತೆ ಬಾಕಿ ಇದೆ. ಭಾನುವಾರ ಬಾ. ಆ ಪೆಟ್ಟಿಗೆ ತಂದ್ರೂ ಸರಿ, ಬಿಟ್ರೂ ಸರಿ. ಟವೆಲ್ ಮಾತ್ರ ನಮ್ಮನೇಲಿ ಮುಟ್ಟಬೇಡ."

ದ್ವೀಪದಮ್ಮ ಬಾಗಿಲಿನ ಮರಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು.